‘ಮುಗಿಯಿತು’ ಎನ್ನುವವರೇ ಇಲ್ಲದ ಆಲ್ಬಂ

ಅಮೆರಿಕದ ‘ಗನ್ಸ್ ಎನ್ ರೋಸಸ್’ ರಾಕ್ ತಂಡ 1991ರ ಸೆಪ್ಟೆಂಬರ್‌ನಲ್ಲಿ ‘ಯೂಸ್ ಯುವರ್ ಇಲ್ಯೂಷನ್’ ಹೆಸರಿನ ಎರಡು ಆಲ್ಬಂಗಳನ್ನು ಒಂದೇ ದಿನ ಹೊರತಂದಾಗ ನನ್ನ ಅಕ್ಕನ ಮಗ ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಓದುತ್ತಿದ್ದ. ಅವುಗಳ ಕ್ಯಾಸೆಟ್‌ಗಳನ್ನು ಸವೆಯುವವರೆಗೂ ಕೇಳಿದ. 1993ರಲ್ಲಿ ಬೇರೆಯವರ ಹಾಡುಗಳನ್ನು ಹಾಡಿದ ಆಲ್ಬಂ ಒಂದು ಬಂದುದನ್ನು ಬಿಟ್ಟರೆ, ಆ ತಂಡದ ಸ್ವಂತ ಹಾಡುಗಳ ಮುಂದಿನ ಆಲ್ಬಂ ‘ಚೈನೀಸ್ ಡೆಮಾಕ್ರಸಿ’ ಅವನ ಕೈ ಸೇರಿದ್ದು 2008ರ ಕೊನೆಯಲ್ಲಿ. ಅಷ್ಟರಲ್ಲಿ ಅವನ ಮಗಳು ಶಾಲೆಗೆ ಹೋಗುತ್ತಿದ್ದಳು.

ರಾಕ್ ಸಂಗೀತ ನನ್ನ ಕ್ಷೇತ್ರವಲ್ಲ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಿಕೆಗಳು ನನಗೆ ಸಾಕು. ಆದರೆ ಆ ಹುಡುಗ ಹದಿನೇಳು ವರ್ಷ ಸುಮ್ಮನೆ ಕಾಯಲಿಲ್ಲ, ಊಹಿಸುತ್ತ ಕಾದ ಎಂಬುದು ನನ್ನ ಕುತೂಹಲ ಕೆರಳಿಸಿತ್ತು. ಹಬ್ಬಕ್ಕೆ ಬಂದಾಗಲೆಲ್ಲ ಒಂದು ಹೊಸ ಹೆಸರು ತರುತ್ತಿದ್ದ. ‘ಮಾವ, ಈ ಸಲ ಪ್ರೊಡ್ಯೂಸರ್ ಬದಲಾಗಿದ್ದಾನೆ. ಮುಂದಿನ ವರ್ಷ ಬಂದೇ ಬರುತ್ತೆ.’

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಚಿತ್ರರಂಗದಲ್ಲಿ ನಿರ್ಮಾಪಕನೆಂದರೆ ಹಣ ಹಾಕುವವನು. ರಾಕ್ ಸಂಗೀತದಲ್ಲಿ ಹಣ ಹಾಕುವುದು ಧ್ವನಿಮುದ್ರಣ ಕಂಪನಿ; ಪ್ರೊಡ್ಯೂಸರ್ ಸ್ಟುಡಿಯೊದಲ್ಲಿ ಕುಳಿತು ಯಾವ ಹಾಡು ಇರಬೇಕು, ಯಾವ ಸಲ ನುಡಿಸಿದ್ದು ಚೆನ್ನಾಗಿದೆ, ಇನ್ನು ಸಾಕೋ ಬೇಕೋ ಎಂದು ಹೇಳುವವನು. ತಂಡಕ್ಕೆ ಹೆಸರು ತಂದ 1987ರ ಮೊದಲ ಆಲ್ಬಂನಲ್ಲಿ ಆ ಕೆಲಸ ಮಾಡಿದವರು ಮೈಕ್ ಕ್ಲಿಂಕ್. ಹಾಗಾಗಿ, ಬರದಿರುವ ಆಲ್ಬಂ ಹೇಗಿದ್ದೀತೆಂದು ತಿಳಿಯಬಯಸುವ ಅಭಿಮಾನಿಗೆ ಪ್ರೊಡ್ಯೂಸರನ ಹೆಸರೇ ಜಾತಕವಾಗಿತ್ತು. 1998ರ ಸುಮಾರಿಗೆ ಯೂತ್ ಎಂದೇ ಪರಿಚಿತರಾದ ಮಾರ್ಟಿನ್ ಗ್ಲೋವರ್ ಬಂದರು, ಹೋದರು. ಸೀನ್ ಬೀವನ್ ಬಂದಾಗ ಹಾಡುಗಳು ಯಂತ್ರಧ್ವನಿಯ ಕಡೆ ವಾಲುತ್ತವೆ ಎಂದು ಊಹಿಸಿದರು. ‘ಕ್ವೀನ್’ ತಂಡದ ಆಲ್ಬಂಗಳನ್ನು ರೂಪಿಸಿದ್ದ ರಾಯ್ ಥಾಮಸ್ ಬೇಕರ್ ಬಂದಾಗ ವೈಭವದ ಕೋರಸ್ ನಿರೀಕ್ಷಿಸಿದರು. ಬೇಕರ್ ಕಾಲದಲ್ಲಿ ಆಗಲೇ ಮುದ್ರಿಸಿದ್ದ ಹಾಡುಗಳನ್ನು ಮತ್ತೆ ಮುದ್ರಿಸಲಾಯಿತೆಂದು ಆಮೇಲೆ ವರದಿಯಾಯಿತು. ಡ್ರಮ್ಸ್ ವಾದಕ ಜಾಶ್ ಫ್ರೀಸ್ ತಂಡ ಬಿಟ್ಟ ಮೇಲೆ, ಅವರು ನುಡಿಸಿದ್ದನ್ನೇ ಸ್ವರಲಿಪಿಯಲ್ಲಿ ಬರೆಸಿ, ಹೊಸ ವಾದಕನಿಂದ ಅದನ್ನೇ ಪುನಃ ನುಡಿಸಿದರಂತೆ! ಹಾಕಿದ ಡಾಂಬರನ್ನು ಅಗೆದು ಅದೇ ಡಾಂಬರನ್ನು ಮತ್ತೆ ಹಾಕುವ ಕಾಮಗಾರಿ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ.

ಅಭಿಮಾನಿಗಳ ಊಹೆಯಲ್ಲಿ ನನಗೆ ಕಂಡ ದೋಷ ಇದು. ಪ್ರೊಡ್ಯೂಸರ್ ಬದಲಾಗುವುದನ್ನು ಅವರು ವಿಳಂಬದ ಕಾರಣವೆಂದೋ ಪರಿಹಾರವೆಂದೋ ತಿಳಿದರು. ಅದು ರೋಗದ ಲಕ್ಷಣವಷ್ಟೇ ಆಗಿತ್ತು. ಸೇವೆಯಲ್ಲಿದ್ದಾಗ ನೂರಾರು ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಕುಳಿತಿದ್ದೇನೆ. ಕೆಲಸ ನಿಂತಾಗ ಗುತ್ತಿಗೆದಾರನನ್ನು ಬದಲಿಸುವುದು ಸುಲಭ. ಕಾಮಗಾರಿ ಪೂರ್ಣಗೊಂಡಿದೆ ಎಂದು ಸಹಿ ಹಾಕುವವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ. ಈ ತಂಡದಲ್ಲಿ ಇಜ್ಜಿ ಸ್ಟ್ರ್ಯಾಡ್ಲಿನ್ 1991ರಲ್ಲಿ, ಸ್ಲ್ಯಾಶ್ 1996ರಲ್ಲಿ, ಡಫ್ ಮೆಕೇಗನ್ 1997ರಲ್ಲಿ ಹೊರನಡೆದರು. ಹೆಸರಿನ ಹಕ್ಕೂ ಗಾಯಕ ಆಕ್ಸಲ್ ರೋಸ್ ಅವರಲ್ಲೇ ಉಳಿಯಿತು. ‘ಸಾಕು, ಇದು ಚೆನ್ನಾಗಿದೆ’ ಎಂದು ಅವರಿಗೆ ಎದುರು ನಿಂತು ಹೇಳಬಲ್ಲ ಸಮಾನರು ಒಬ್ಬರೂ ಉಳಿಯಲಿಲ್ಲ. ಸಂಬಳಕ್ಕೆ ಬಂದ ಪ್ರೊಡ್ಯೂಸರ್ ಆ ಮಾತು ಹೇಳಿದರೆ ಬದಲಾಗುವುದು ಅವನೇ.

ಕಂಪನಿಯ ನಡೆಯೂ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವೇ. 1999ರ ಮಾರ್ಚ್ ಒಳಗೆ ಮುಗಿಸಿಕೊಟ್ಟರೆ ಹೆಚ್ಚುವರಿ ಹತ್ತು ಲಕ್ಷ ಡಾಲರ್ ಎಂಬ ಆಮಿಷವಿತ್ತೆಂದೂ, ಒಟ್ಟು ವೆಚ್ಚ 1.3 ಕೋಟಿ ಡಾಲರ್ ತಲುಪಿದೆಯೆಂದೂ ‘ನ್ಯೂಯಾರ್ಕ್ ಟೈಮ್ಸ್’ 2005ರಲ್ಲಿ ಬರೆಯಿತು. ಈಗಾಗಲೇ ಸುರಿದ ಹಣ ಮರಳಿ ಬಾರದು; ಮುಂದಿನ ನಿರ್ಧಾರಕ್ಕೆ ಅದನ್ನು ಲೆಕ್ಕಕ್ಕೇ ಹಿಡಿಯಬಾರದು ಎಂದು ತರಗತಿಯಲ್ಲಿ ಕಲಿಯುತ್ತೇವೆ. ಆದರೆ ಇಷ್ಟು ಹಾಕಿದ ಮೇಲೆ ಬಿಡುವುದು ಹೇಗೆಂದು ಇನ್ನಷ್ಟು ಹಾಕುತ್ತೇವೆ. ಕೊನೆಗೆ 2004ರಲ್ಲಿ ಗೆಫನ್ ಕಂಪನಿ, ಇನ್ನು ಮುಗಿಸುವ ಖರ್ಚು ರೋಸ್ ಅವರದೇ ಎಂದು ಪತ್ರ ಬರೆದು, ಹಳೆಯ ಜನಪ್ರಿಯ ಹಾಡುಗಳ ಸಂಕಲನವನ್ನು ಮಾರುಕಟ್ಟೆಗೆ ಬಿಟ್ಟಿತು.

ಅಭಿಮಾನಿಗಳಿಗೆ ಇದ್ದ ಆಧಾರವಾದರೂ ಏನು? 2001ರ ಜನವರಿಯಲ್ಲಿ ಲಾಸ್ ವೇಗಸ್ ಹಾಗೂ ರಿಯೊ ಕಾರ್ಯಕ್ರಮಗಳಲ್ಲಿ ಹಾಡಿದ ಕೆಲವು ಹೊಸ ಹಾಡುಗಳ ಒರಟು ಧ್ವನಿಮುದ್ರಣ. 2003ರಲ್ಲಿ ಬೇಸ್‌ಬಾಲ್ ಆಟಗಾರ ಮೈಕ್ ಪಿಯಾಜ಼ಾ ರೇಡಿಯೊ ಕಾರ್ಯಕ್ರಮವೊಂದಕ್ಕೆ ಒಯ್ದ ಸಿ.ಡಿ.ಯಲ್ಲಿದ್ದ ಒಂದು ಹಾಡು. ಇಂಥ ಚೂರುಗಳನ್ನು ಜೋಡಿಸಿ ಅವರು ಇಡೀ ಆಲ್ಬಂ ಕಟ್ಟಿಕೊಂಡರು. ಹೊರಗಿನವರಿಗೆ ಅದು ತಮಾಷೆಯಾಯಿತು. 2008ರೊಳಗೆ ಆಲ್ಬಂ ಬಂದರೆ ಅಮೆರಿಕದ ಜನರಿಗೆಲ್ಲ ಒಂದೊಂದು ಕ್ಯಾನ್ ಉಚಿತ ಎಂದು ‘ಡಾಕ್ಟರ್ ಪೆಪ್ಪರ್’ ಪಾನೀಯ ಕಂಪನಿ ಘೋಷಿಸಿತು. ತಮಾಷೆಯಲ್ಲದ ಸಂಗತಿಯೂ ನಡೆಯಿತು. ಅದೇ ವರ್ಷದ ಜೂನ್‌ನಲ್ಲಿ ಒಂಬತ್ತು ಹಾಡುಗಳನ್ನು ಬಿಡುಗಡೆಗೆ ಮೊದಲೇ ಇಂಟರ್ನೆಟ್ಟಿನಲ್ಲಿ ಹಾಕಿದವನೊಬ್ಬ ಬಂಧನಕ್ಕೊಳಗಾದ; 2009ರಲ್ಲಿ ಅವನಿಗೆ ಎರಡು ತಿಂಗಳ ಗೃಹಬಂಧನದ ಶಿಕ್ಷೆಯಾಯಿತು.

ಅಂತೂ 2008ರ ನವೆಂಬರ್ 23ರಂದು ಆಲ್ಬಂ ಅಮೆರಿಕದಲ್ಲಿ ಬಿಡುಗಡೆಯಾಯಿತು. ಮೊದಲ ವಾರ ಅಲ್ಲಿ ಮಾರಾಟವಾದದ್ದು ಸುಮಾರು 2.61 ಲಕ್ಷ ಪ್ರತಿ, ಪಟ್ಟಿಯಲ್ಲಿ ಮೂರನೆಯ ಸ್ಥಾನ. ಪ್ರೊಡ್ಯೂಸರ್ ಜಾಗದಲ್ಲಿದ್ದ ಹೆಸರುಗಳು ಎರಡು: ಕಾರಮ್ ಕೋಸ್ಟಾಂಜೊ ಮತ್ತು ಸ್ವತಃ ಆಕ್ಸಲ್ ರೋಸ್. ಅಭಿಮಾನಿಗಳು ವರ್ಷಗಟ್ಟಲೆ ಪಣ ಕಟ್ಟಿದ್ದ ದೊಡ್ಡ ಹೆಸರುಗಳಾವುವೂ ಆ ಜಾಗದಲ್ಲಿರಲಿಲ್ಲ. ನನ್ನ ಸೋದರಳಿಯ ಹದಿನಾಲ್ಕು ಹಾಡುಗಳನ್ನೂ ನನ್ನೆದುರೇ ಕೇಳಿದ. ಹೇಗಿದೆ ಎಂದೆ. ‘ಚೆನ್ನಾಗಿದೆ ಮಾವ. ಆದರೆ ನಾನು ಅಂದುಕೊಂಡಿದ್ದು ಇದಲ್ಲ’ ಎಂದ. ಯಾವ ಆಲ್ಬಂ ತಾನೇ ಹದಿನೇಳು ವರ್ಷದ ಕಲ್ಪನೆಗೆ ಸರಿಸಾಟಿಯಾದೀತು? ಆ ಅನ್ಯಾಯಕ್ಕೆ ಹಾಡುಗಳೂ ಬಲಿಯಾದವೆಂದು ನನ್ನ ಅಭಿಪ್ರಾಯ. ಅದೇ ಹಾಡುಗಳು 2000ದಲ್ಲಿ ಬಂದಿದ್ದರೆ ಒಂದು ಹೊಸ ಪ್ರಯೋಗವೆಂದು ಕೇಳುತ್ತಿದ್ದರೇನೋ.

2012ರ ಡಿಸೆಂಬರ್‌ನಲ್ಲಿ ತಂಡ ಬೆಂಗಳೂರಿಗೇ ಬಂತು. ಇವನು ಮಗಳನ್ನು ಕರೆದುಕೊಂಡು ಹೋಗಿ ಬಂದ, ಗಂಟಲು ಬಿದ್ದುಹೋಗಿತ್ತು. ಸ್ಲ್ಯಾಶ್ ಮತ್ತು ಡಫ್ 2016ರಲ್ಲಿ ತಂಡಕ್ಕೆ ಮರಳಿದರು. 2021 ಮತ್ತು 2023ರಲ್ಲಿ ಬಿಡಿಬಿಡಿಯಾಗಿ ಬಂದ ನಾಲ್ಕು ಹಾಡುಗಳು ‘ಚೈನೀಸ್ ಡೆಮಾಕ್ರಸಿ’ ದಿನಗಳಲ್ಲೇ ರೂಪುಗೊಂಡು ಉಳಿದಿದ್ದವು. ಹಾಗಾದರೆ ಪೆಟ್ಟಿಗೆಯಲ್ಲಿ ಇನ್ನೆಷ್ಟು ಉಳಿದಿವೆ, ಅವುಗಳಲ್ಲಿ ಬೇಕರ್ ಕಾಲದವು ಯಾವುವು, ಬೀವನ್ ಕಾಲದವು ಯಾವುವು? ಕಳೆದ ಯುಗಾದಿಗೆ ಬಂದಾಗ, ಕೂದಲು ನರೆತ ನನ್ನ ಸೋದರಳಿಯ ಒಬ್ಬಟ್ಟಿನ ತಟ್ಟೆ ಪಕ್ಕಕ್ಕಿಟ್ಟು ಬೆರಳು ಮಡಿಚುತ್ತ ಲೆಕ್ಕ ಹೇಳತೊಡಗಿದ. ಈ ಸಲ ಎದುರು ವಾದಿಸುತ್ತಿದ್ದವಳು ಅವನ ಮಗಳು.