ಹೊಗೆಯಿಲ್ಲದ ಕಾರು ನಿರ್ದೋಷಿಯೇ?

ಪ್ರಶ್ನೆ: ವಿದ್ಯುತ್ ಕಾರು ಹೊಗೆಯುಗುಳದು, ಆದರೂ ಅದರಿಂದ ಪರಿಸರಕ್ಕೆ ಹಾನಿಯುಂಟೆಂಬುದು ನಿಜವೇ?

ಉತ್ತರ: ನಿಜ. ಕಾರಿನ ಗುಣದೋಷಗಳನ್ನು ಹೊಗೆಕೊಳವೆಯೊಂದರಿಂದಲೇ ಅಳೆಯದೆ, ಅದಿರನ್ನು ಅಗೆಯುವುದು ಮೊದಲ್ಗೊಂಡು ಗುಜರಿ ಸೇರುವವರೆಗಿನ ಸಮಗ್ರ ಜೀವನಚಕ್ರದಿಂದ ಅಳೆಯತಕ್ಕದ್ದು. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋಗ್ರಾಮಿನಷ್ಟೇ ಆದರೂ, ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಂಡು ಅದು ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಹೊರಗೆಡಹುವುದರಿಂದ, ಪೆಟ್ರೋಲ್ ಕಾರಿನ ದೋಷದ ಬಹುಪಾಲು ಓಡಾಟದಲ್ಲಿಯೇ ಸಂಚಯವಾಗುತ್ತದೆ. ವಿದ್ಯುತ್ ಕಾರಾದರೋ, ಲಿಥಿಯಂ, ನಿಕ್ಕಲ್ ಮುಂತಾದ ಲೋಹಗಳನ್ನು ಶುದ್ಧೀಕರಿಸಿ ಬ್ಯಾಟರಿಯನ್ನು ನಿರ್ಮಿಸುವಲ್ಲಿ ವ್ಯಯವಾದ ಶಕ್ತಿಯ ಕಾರಣ, ರಸ್ತೆಗಿಳಿಯುವ ಮುನ್ನವೇ ಹೆಚ್ಚಿನ ಋಣಭಾರವನ್ನು ಹೊತ್ತಿರುತ್ತದೆ. ಅದನ್ನು ಬೇಗನೆ ತೀರಿಸುವುದೋ ತಡವಾಗಿಯೋ ಎಂಬುದು, ಬ್ಯಾಟರಿಗೆ ತುಂಬುವ ವಿದ್ಯುತ್ತು ರಾಯಚೂರಿನಲ್ಲಿ ಉರಿವ ಕಲ್ಲಿದ್ದಲಿನಿಂದ ಹುಟ್ಟಿತೋ ಶರಾವತಿಯ ನೀರಿನಿಂದಲೋ ಎಂಬುದನ್ನೂ, ಕಾರು ಎಷ್ಟು ದೂರ ಓಡಿತೆಂಬುದನ್ನೂ ಅವಲಂಬಿಸಿದೆ.