ಹಲೀಮ್‌ನ ಹೆಸರಲ್ಲಿ ಘೋಟ್ನಿಯ ಪಾಲೆಷ್ಟು?

ರಂಜಾನ್ ಬಂತೆಂದರೆ ಹೈದರಾಬಾದಿನ ಹೋಟೆಲುಗಳ ಮುಂದೆ ಇಟ್ಟಿಗೆ, ಮಣ್ಣಿನ ಭಟ್ಟಿಗಳು ಏಳುತ್ತವೆ. ಅವುಗಳೊಳಗೆ ತಾಮ್ರದ ಹಂಡೆ, ಅಡಿಯಲ್ಲಿ ಕಟ್ಟಿಗೆಯ ಸಣ್ಣ ಉರಿ. ಗೋಧಿ, ಮಾಂಸ, ಬೇಳೆ, ಮಸಾಲೆಗಳು ಹನ್ನೆರಡು ಗಂಟೆಗಳಷ್ಟು ಕಾಲ ಬೇಯುತ್ತವೆ. ಬೆಂದರಷ್ಟೇ ಸಾಲದು. ಹಂಡೆಯ ಸುತ್ತ ನಿಂತವರು ಘೋಟ್ನಿ ಎಂಬ ಉದ್ದನೆಯ ಮರದ ಕೋಲಿನಿಂದ ಎಡೆಬಿಡದೆ ಜಜ್ಜಬೇಕು. ಗೋಧಿ ಯಾವುದು, ಮಾಂಸದ ಎಳೆ ಯಾವುದು ಎಂದು ಹೇಳಲಾಗದಷ್ಟು ಬೆರೆತು, ಅಂಟು ಬಂದಾಗಲೇ ಅದು ಹಲೀಮ್.

ಈ ಹೈದರಾಬಾದಿ ಹಲೀಮ್‌ಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ, ಅಂದರೆ ಜಿಐ ಟ್ಯಾಗ್, ಸಿಕ್ಕಿತು. ದೇಶದಲ್ಲಿ ಇದನ್ನು ಪಡೆದ ಮೊದಲ ಮಾಂಸದ ಖಾದ್ಯ ಇದು. ಹತ್ತು ಪಾಲು ಆಡಿನ ಮಾಂಸಕ್ಕೆ ನಾಲ್ಕು ಪಾಲು ಗೋಧಿ, ಶುದ್ಧತೆ ಪರೀಕ್ಷಿಸಿದ ತುಪ್ಪ, ತಾಮ್ರದ ಪಾತ್ರೆ, ಕಟ್ಟಿಗೆಯ ಒಲೆ: ಇವೆಲ್ಲ ಮಾನದಂಡಗಳು. ಸುಳ್ಳು ಸೂಚಕ ಹಚ್ಚಿ ಮಾರಿದರೆ ಕಾನೂನಿನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಉಂಟು.

ಹಲೀಮ್ ಹುಟ್ಟಿದ್ದು ಹೈದರಾಬಾದಿನಲ್ಲಲ್ಲ. ಯೆಮೆನ್‌ನ ಹದ್ರಮೌತ್‌ನಿಂದ ನಿಜಾಮರ ಸೈನ್ಯಕ್ಕೆ ಸೇರಿದ ಅರಬರು ಬಾರ್ಕಸ್ ಬಡಾವಣೆಯಲ್ಲಿ ನೆಲೆಸಿದರು. ಅವರ ಹರೀಸ್ ಎಂಬ ಖಾದ್ಯವೇ ಇದರ ಮೂಲ. ಅದಕ್ಕೆ ದಖ್ಖನಿ ಮಸಾಲೆ ಸೇರಿತು, ಇರಾನಿ ಹೋಟೆಲುಗಳು ಊರಿಗೆಲ್ಲ ಹಂಚಿದವು. ಹೊರಗಿನಿಂದ ಬಂದದ್ದನ್ನು ಊರಿನದನ್ನಾಗಿ ಮಾಡಿಕೊಂಡ ಆ ಕೈಚಳಕಕ್ಕೆ ಮುದ್ರೆ ಬಿದ್ದದ್ದು ನ್ಯಾಯವೇ. ಹೈದರಾಬಾದಿ ಬಿರಿಯಾನಿಗೆ ಆ ಅದೃಷ್ಟ ಒದಗಲಿಲ್ಲ. ಮೂಲದ ಇತಿಹಾಸಕ್ಕೆ ಪುರಾವೆ ಸಾಲದೆ ಅರ್ಜಿ ಬಿದ್ದುಹೋಯಿತು. ಜಗತ್ತೇ ಬಲ್ಲ ಅಡುಗೆ, ಆದರೆ ಅಡುಗೆಮನೆಗಳು ದಾಖಲೆ ಬರೆದಿಡುವುದಿಲ್ಲವಲ್ಲ!

ಬೆಳೆಗಳ ವಿಷಯ ಬೇರೆ, ಅಲ್ಲಿ ಸಾಕ್ಷಿ ಹೇಳಲು ಮಣ್ಣಿದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಟ್ಯಾಗ್ ಬಂತು, ಗಡಿಯಾಚೆ ತೆಲಂಗಾಣದ ತಾಂಡೂರಿನ ತೊಗರಿಗೆ 2022ರಲ್ಲಿ. ತಾಂಡೂರು, ಕಲಬುರಗಿ ಜಿಲ್ಲೆಯ ಸೇಡಂ ಎರಡೂ ಕಾಗಿಣಾ ನದಿಯ ಸೀಮೆಗಳು. 1956ರವರೆಗೆ ಒಂದೇ ಹೈದರಾಬಾದ್ ರಾಜ್ಯದವು. ಗಡಿ ಎಳೆದ ಮೇಲೆ ತೊಗರಿಗೆ ಎರಡು ಹೆಸರಾದವು. ಎರಡೂ ಕಡೆಯ ರೈತರಿಗೆ ಒಳ್ಳೆಯ ಬೆಲೆ ಸಿಗುವುದಾದರೆ ನನಗೆ ಅದರಲ್ಲಿ ತಕರಾರಿಲ್ಲ.

ತಕರಾರಿರುವುದು ಹಲೀಮ್‌ನ ಬಗ್ಗೆ. ತೊಗರಿಯ ಗುಣ ಕಾಯುವುದು ಮಣ್ಣು, ಹಲೀಮ್‌ನ ಗುಣ ಕಾಯುವುದು ರಟ್ಟೆ. 1999ರ ಜಿಐ ಕಾಯ್ದೆಯಲ್ಲಿ ಹೆಸರು ಬಳಸುವ ಹಕ್ಕು ನೋಂದಾಯಿತ ಬಳಕೆದಾರರಿಗಷ್ಟೇ. ಉತ್ಪಾದಕ ಎಂಬ ವ್ಯಾಖ್ಯೆಯೊಳಗೆ ವ್ಯಾಪಾರಿಯೂ ಬರುತ್ತಾನೆ. ಟ್ಯಾಗಿನ ಲಾಭ ಮೊದಲು ಮುಟ್ಟುವುದು ಮಾರುವವರಿಗೆ. ಒಲೆಯ ಝಳದಲ್ಲಿ, ಒಂದೇ ತಿಂಗಳ ಕೂಲಿಗೆ ನಿಂತು ಘೋಟ್ನಿ ಆಡಿಸುವವನ ಪಾಲು ಎಷ್ಟೆಂದು ಮಾನದಂಡಗಳು ಹೇಳುವುದಿಲ್ಲ. ಕೈಯಿಂದ ಜಜ್ಜುವುದು ದುಬಾರಿ ಎಂದು ಯಂತ್ರ ತಂದರೆ ಮೊದಲು ಕೆಲಸ ಕಳೆದುಕೊಳ್ಳುವವನೂ ಅವನೇ. ತುಪ್ಪಕ್ಕೆ ಪರೀಕ್ಷೆ ಬರೆದವರು ಘೋಟ್ನಿಯವರಿಗೂ ಒಂದು ಸಾಲು ಬರೆಯಲಿ: ಕನಿಷ್ಠ ಕೂಲಿ, ಪಾಳಿಯ ಮಿತಿ, ನೋಂದಣಿಯಲ್ಲಿ ಅವರ ಹೆಸರು.