ಒಂದು ಘಳಿಗೆಯ ಲಾಗಿನ್

ಸುರಪುರ ಸೀಮೆಯ ಕಕ್ಕೇರಾದಲ್ಲಿ, ಅರ್ಜಿ ತುಂಬಿಕೊಡುವ ಚಿಕ್ಕ ಸೇವಾಕೇಂದ್ರವೊಂದರ ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ದೊರೆತ ಒಂದು ಸಂಖ್ಯೆಯ ಸೋಜಿಗವು ಇನ್ನೂ ಮನಸ್ಸನ್ನು ಬಿಟ್ಟಿಲ್ಲ. ವೃದ್ಧ ರೈತರೊಬ್ಬರು ಪಹಣಿ, ಆಧಾರ್, ಪಾಸ್‌ಬುಕ್ಕುಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ಕೊಡುತ್ತಿರಲು, ಆಪರೇಟರ್ ತರುಣನು ಸರ್ವೆ ನಂಬರುಗಳನ್ನೆಲ್ಲ ತಾಳ್ಮೆಯಿಂದ ಟೈಪು ಮಾಡಿ, ಕಡೆಗೆ ‘ಸಲ್ಲಿಸು’ ಎಂಬುದನ್ನು ಒತ್ತಿದೊಡನೆಯೇ ತೆರೆಯ ಮೇಲೆ ಲಾಗಿನ್ ಪುಟವು ಬಂದು ನಿಂತಿತು. ‘ಸೆಷನ್ ಹೋತ್ರಿ, ಮತ್ತ ಮೊದಲಿಂದ ತುಂಬಬೇಕು’ ಎಂದನು.

ಕಾರಣವನ್ನು ಕೇಳಲಾಗಿ ಆತನು, ಅಭ್ಯಾಸಕ್ಕೆಂದು ಪಿಎಚ್‌ಪಿ ಭಾಷೆಯಲ್ಲಿ ತಾನೇ ರಚಿಸಿದ್ದ ಪುಟ್ಟ ತಾಣವನ್ನು ತೆರೆದು, ಬ್ರೌಸರಿನಲ್ಲಿ ಅಡಗಿದ್ದ ಕುಕೀಯನ್ನು ತೋರಿಸಿದನು: ಅಂಕಿ, ಅಕ್ಷರಗಳು ಬೆರೆತ 32 ಚಿಹ್ನೆಗಳ ಒಂದು ಸಾಲು. ಅದನ್ನು ನಕಲಿಸಿ ಮತ್ತೊಂದು ಬ್ರೌಸರಿನಲ್ಲಿಟ್ಟರೆ, ಪಾಸ್‌ವರ್ಡನ್ನು ಕೇಳದೆಯೇ ತಾಣವು ಒಳಗೆ ಬಿಟ್ಟುಕೊಂಡಿತು! ಎಚ್‌ಟಿಟಿಪಿಗೆ ಸ್ವಭಾವತಃ ಸ್ಮೃತಿಯಿಲ್ಲ. ಪ್ರತಿಯೊಂದು ಕೋರಿಕೆಯೂ ಅದಕ್ಕೆ ಹೊಸತೇ. ಈ ಕೊರತೆಗೆ ಪರಿಹಾರವಾಗಿ 1994ರಲ್ಲಿ ನೆಟ್‌ಸ್ಕೇಪಿನ ಲೂ ಮಾಂಟುಲ್ಲಿ ಕುಕೀಯನ್ನು ಕಲ್ಪಿಸಿದರು. 2000ದಲ್ಲಿ ಪಿಎಚ್‌ಪಿಯ ನಾಲ್ಕನೆಯ ಆವೃತ್ತಿಯು, ಕುಕೀಯಲ್ಲಿನ ಅಂಥ ಸಾಲಿನ ಗುರುತಿನಿಂದ ಬಳಕೆದಾರನನ್ನು ನೆನಪಿಟ್ಟುಕೊಳ್ಳುವ ಸೆಷನ್ನನ್ನು ತನ್ನೊಳಗೇ ಸೇರಿಸಿಕೊಂಡಿತು. ನಮ್ಮ ನಾಡಿನ ‘ಭೂಮಿ’ ಯೋಜನೆಯೂ ಆ ಕಾಲದ್ದೇ. ಪಹಣಿಗೆ ಕೈಹಾಕುವ ನೌಕರನು ಬೆರಳಚ್ಚು ಕೊಟ್ಟೇ ಒಳಹೊಗಬೇಕೆಂಬ ಅದರ ಕಟ್ಟಳೆಯನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಆದರೆ ಜಾಲತಾಣದಲ್ಲಿ ಬೆರಳಚ್ಚಾಗಲಿ ಓಟಿಪಿಯಾಗಲಿ ಸಾಕ್ಷಿ ನುಡಿಯುವುದು ಪ್ರವೇಶದ ಕ್ಷಣಕ್ಕೆ ಮಾತ್ರ. ಅನಂತರದ ಸಮಸ್ತ ವ್ಯವಹಾರಕ್ಕೂ ಆ ಸಾಲೇ ಸಾಕ್ಷಿ. ಹತ್ತಾರು ಜನರ ಕೆಲಸ ನಡೆಯುವ ಕಂಪ್ಯೂಟರಿನಲ್ಲಿ ಲಾಗೌಟ್ ಒತ್ತಿದಾಗ, ಕುಕೀಯೊಡನೆ ಸರ್ವರಿನಲ್ಲಿರುವ ಸೆಷನ್ನಿನ ದಾಖಲೆಯೂ ಅಳಿಯದಿದ್ದರೆ, ಕದ್ದ ನಕಲು ಜೀವಂತವಾಗಿಯೇ ಉಳಿಯುತ್ತದೆ.

ಇನ್ನು ಆ ಸಂಖ್ಯೆ. ಬೇರೆ ಹೇಳದಿದ್ದರೆ, ಪಿಎಚ್‌ಪಿಯು ಸೆಷನ್ನಿಗೆ ಕೊಡುವ ಆಯುಸ್ಸು 1440 ಸೆಕೆಂಡು. ಎಂದರೆ 24 ನಿಮಿಷ. ಎಂದರೆ ನಮ್ಮ ಪಂಚಾಂಗದ ಸರಿಯಾಗಿ ಒಂದು ಘಳಿಗೆ! ಕಾಕತಾಳೀಯವೇ ಇರಬಹುದು, ಆದರೂ ಹಿಗ್ಗಿದೆನು. ತಳದಲ್ಲಿ ಸಣ್ಣ ರಂಧ್ರವುಳ್ಳ ಘಳಿಗೆ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ಮುಳುಗಿದಾಗ ಒಂದು ಘಳಿಗೆಯೆಂದು ಎಣಿಸಿ, ಅಂಥ 60 ಘಳಿಗೆಗಳಿಂದ ಅಹೋರಾತ್ರಿಯನ್ನು ಅಳೆದವರು ನಮ್ಮ ಹಿರಿಯರು. ಬಟ್ಟಲು ಹೊತ್ತಿಗೆ ಸರಿಯಾಗಿ ಮುಳುಗುತ್ತಿತ್ತು. ಪಿಎಚ್‌ಪಿಯಾದರೋ ಅವಧಿ ಮೀರಿದ ಕಡತವನ್ನು ಕೂಡಲೆ ಅಳಿಸದು. ಸೆಷನ್ ತೆರೆಯುವ ಕೋರಿಕೆಯೊಂದು ಬಂದಾಗ, ಅದೂ ನೂರರಲ್ಲಿ ಒಂದರ ಸಂಭವದಂತೆ, ಕಸ ಗುಡಿಸುತ್ತದೆ; ಆದುದರಿಂದ ಜನಸಂಚಾರವಿಲ್ಲದ ತಾಣದಲ್ಲಿ ಸತ್ತ ಸೆಷನ್ನು ಬಹಳ ಹೊತ್ತು ಬಾಳೀತು.

ಪ್ರತಿ ಕೋರಿಕೆಗೂ ಘಳಿಗೆ ಹೊಸದಾಗಿ ಮೊದಲಾಗುತ್ತದೆ, ನಿಜ. ಆದರೆ ಟೈಪು ಮಾಡುವುದು ಕೋರಿಕೆಯಲ್ಲ. ಪುಟವು ತಾನಾಗಿ ಸುದ್ದಿ ಕಳುಹಿಸದ ಹೊರತು, ಅರ್ಧ ತಾಸು ದುಡಿಯುವ ಬೆರಳುಗಳು ಸರ್ವರಿಗೆ ನಿಷ್ಕ್ರಿಯವೇ! ದಾಖಲೆಗಳನ್ನು ಹುಡುಕಿ ತೆಗೆಯುವವರ ವೇಗವನ್ನು ಎಣಿಸದೆ ಅವಧಿ ಗೊತ್ತುಮಾಡುವುದನ್ನು ಭದ್ರತೆಯೆಂದು ನಾನು ಒಪ್ಪಲಾರೆ. 2008ರ ಜಾಲ ಸುಗಮ್ಯತೆಯ ಮಾರ್ಗಸೂಚಿಯಲ್ಲಿ ಇದಕ್ಕೆ ದಾರಿಯಿದೆ: ಅವಧಿ ಮುಗಿಯುವ ಮುನ್ನ ಎಚ್ಚರಿಸಿ, ಅದನ್ನು ಮುಂದುವರಿಸಿಕೊಳ್ಳಲು ಕನಿಷ್ಠ 20 ಸೆಕೆಂಡುಗಳ ಅವಕಾಶವನ್ನು ಕೊಡಬೇಕು. ಅವಧಿ ಮೀರಿ ಹೋದರೂ, ಮರಳಿ ಲಾಗಿನ್ ಆದವನಿಗೆ ಆತನು ತುಂಬಿದ್ದೆಲ್ಲವೂ ಇದ್ದ ಹಾಗೆಯೇ ದೊರೆಯಬೇಕೆಂಬುದು ಅದರ ಅತ್ಯುನ್ನತ ಮಟ್ಟದ ವಿಧಿ. ಸಾರ್ವಜನಿಕ ಸೇವೆಯ ತಾಣಗಳಿಗಂತೂ ಈ ಎರಡನೆಯದನ್ನೇ ಮೊದಲು ಕಡ್ಡಾಯಗೊಳಿಸತಕ್ಕದ್ದು.